ಒಡ್ಡಿನ ಹಣ್ಣಿನ ಶೀಕರಣಿ

ಕಾರಹುಣ್ಣಿಮೆ ದಿನ ನಮ್ಮ ಮನೆಯಲ್ಲಿ ಹೋಳಿಗೆ ಇರದಿದ್ದರೂ ನಡೆಯುತ್ತದೆ, ಶೀಕರಣಿ ಇರದಿದ್ದರೆ ನಡೆಯುವುದಿಲ್ಲ. ಎತ್ತು ಮಾರಿ ಹತ್ತು ವರ್ಷದ ಮೇಲಾಯಿತು. ಬಣ್ಣ ಹಚ್ಚಲು ಕೋಡಿಲ್ಲ, ಕರಿ ಹರಿಯಲು ಜೋಡಿಯಿಲ್ಲ. ಬಾಗಿಲ ಮುಂದಿನ ಟ್ರ್ಯಾಕ್ಟರಿಗೆ ಒಂದು ಹಾರ ಹಾಕಿ ಕೈ ಮುಗಿಯುತ್ತೇವೆ. ಆದರೆ ಶೀಕರಣಿ ಮಾತ್ರ ಒಂದು ವರ್ಷವೂ ತಪ್ಪಿರಲಿಲ್ಲ. ತಪ್ಪಿದ್ದು 2024ರಲ್ಲಿ. ಆ ಕಥೆ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇವೆ.

ನಾವು ಸಿದ್ದಾಪುರದಿಂದ ಸುದ್ದಿ ಕಳಿಸುವವರು. ಕಾಲುವೆಗೆ ನೀರು ಬಂತು, ಬರಲಿಲ್ಲ, ಭತ್ತದ ದರ ಏರಿತು, ಇಳಿಯಿತು, ಅಕಾಲಿಕ ಮಳೆಗೆ ಬೆಳೆ ನೆಲಕ್ಕೆ ಬಿತ್ತು. ಇವೇ ನಮ್ಮ ಸುದ್ದಿಗಳು. ಊರ ಮಂದಿಯ ಮನೆ ವಿಷಯ ಬರೆದು ಬರೆದು ನಮ್ಮ ಮನೆ ವಿಷಯ ಬರೆಯುವುದು ಹೆಂಗೆ ಅನ್ನುವುದೇ ಮರೆತಿದೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಶೀಕರಣಿ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ದೂರದವರು ಓದಿದರೆ ಅವರಿಗಾಗಿ ಎರಡು ಮಾತು. ಮಾವಿನ ಹಣ್ಣಿನ ರಸಕ್ಕೆ ಬೆಲ್ಲ, ಹಾಲು, ಏಲಕ್ಕಿ ಕೂಡಿಸಿ ಮಾಡುವ ಸಿಹಿ ಅದು. ಒಲೆ ಮೇಲೆ ಇಡುವುದಿಲ್ಲ, ಕುದಿಸುವುದಿಲ್ಲ. ಹೋಳಿಗೆಗೆ ಹಚ್ಚಿಕೊಳ್ಳಬಹುದು, ಚಪಾತಿಗೆ ಆಗುತ್ತದೆ, ಬಸಿದ ಶಾವಿಗೆ ಮೇಲೆ ಸುರಿದುಕೊಂಡರೆ ಇನ್ನೂ ಚೊಲೊ. ಮಾವು ಇಲ್ಲದ ಕಾಲದಲ್ಲಿ ಬಾಳೆಹಣ್ಣಿನಲ್ಲೂ ಮಾಡುತ್ತಾರೆ. ಮರಾಠಿ ಮಂದಿ ಶಿಕರಣ ಅನ್ನುವುದು ಬಾಳೆಹಣ್ಣು-ಹಾಲಿನದನ್ನೇ.

ನಮ್ಮ ಮನೆಯ ಶೀಕರಣಿ ಮುತ್ತಜ್ಜಿಯಿಂದ ಬಂದದ್ದು. ಅವಳು ಯಲಬುರ್ಗಾ ಕಡೆಯ ಒಣಬೇಸಾಯದ ಊರಿನ ಹೆಣ್ಣುಮಗಳು. ಲಗ್ನವಾಗಿ ಬಂದಾಗ ಇಲ್ಲಿಯೂ ಒಣಭೂಮಿಯೇ. ಜೋಳ, ಹತ್ತಿ, ಅಷ್ಟೇ. ತುಂಗಭದ್ರಾ ಡ್ಯಾಂ ಕಟ್ಟಿ 1953ರಲ್ಲಿ ನೀರು ಬಿಡುವುದಕ್ಕೂ ಮುಂಚಿನ ಮಾತಿದು. ಒಂದು ಬೇಸಿಗೆಯಲ್ಲಿ ತವರಿನಿಂದ ಬುಟ್ಟಿ ಮಾವು ಬಂತಂತೆ. ಶೀಕರಣಿ ಮಾಡಿ ಉಂಡ ಮೇಲೆ ಗೊರಟಗಳನ್ನು ಹೊಲದ ಒಡ್ಡಿನ ಮೇಲೆ ಹೂತಳಂತೆ. ಬದುಕಿದ್ದು ಒಂದೇ. ಅದೇ ನಮ್ಮ ಒಡ್ಡಿನ ಮರ. ಹಣ್ಣಿಗೆ ಬೇರೆ ಹೆಸರಿಲ್ಲ. ಒಡ್ಡಿನ ಹಣ್ಣು ಅಂತಲೇ ಕರೆಯುತ್ತಿದ್ದೆವು.

ಮುಷ್ಟಿಗಿಂತ ಸಣ್ಣ ಹಣ್ಣು. ಹಣ್ಣಾದರೂ ಸಿಪ್ಪೆ ಪೂರಾ ಹಳದಿಯಾಗುತ್ತಿರಲಿಲ್ಲ, ತೊಟ್ಟಿನ ಹತ್ತಿರ ಹಸಿರು ಉಳಿಯುತ್ತಿತ್ತು. ಒಳಗೆ ತಿರುಳಿಗಿಂತ ರಸ ಜಾಸ್ತಿ, ನಾರೂ ಜಾಸ್ತಿ. ಕೊಯ್ದು ಹೋಳು ಮಾಡುವ ಹಣ್ಣಲ್ಲ, ಹಿಂಡಿ ಚೀಪುವ ಹಣ್ಣು. ಸಿಹಿಯ ಹಿಂದೆ ಒಂದು ಹುಳಿ ಇರುತ್ತಿತ್ತು. ಆ ಹುಳಿಯಿಂದಲೇ ಶೀಕರಣಿ ಮುಖಕ್ಕೆ ಹೊಡೆಯುತ್ತಿರಲಿಲ್ಲ. ಎರಡನೇ ಸಲ ಹಾಕಿಸಿಕೊಳ್ಳಬೇಕು ಅನ್ನಿಸುತ್ತಿತ್ತು.

ಈಗ ಮಾಡುವ ರೀತಿ ಹೇಳುತ್ತೇವೆ. ಅವ್ವ ಅಳತೆ ಅಂತ ಯಾವತ್ತೂ ಹೇಳಿದವಳಲ್ಲ. ಪಕ್ಕದಲ್ಲಿ ಕೂತು ನಾವೇ ಲೆಕ್ಕ ಬರೆದುಕೊಂಡಿದ್ದು. ಎಂಟು ಮಂದಿಗೆ ಇಪ್ಪತ್ತೈದು ಜವಾರಿ ಹಣ್ಣು, ಕಾಲು ಕೆಜಿ ಬೆಲ್ಲ, ಅರ್ಧ ಲೀಟರ್ ಹಾಲು, ಎರಡು ಚಮಚ ಗಸಗಸೆ, ಒಂದು ಹಿಡಿ ಒಣಕೊಬ್ಬರಿ ತುರಿ, ಆರು ಏಲಕ್ಕಿ, ಚಿಟಿಕೆ ಒಣಶುಂಠಿ ಪುಡಿ, ಚಿಟಿಕೆ ಉಪ್ಪು.

ಮೊದಲು ಹಣ್ಣುಗಳನ್ನು ಒಂದು ತಾಸು ತಣ್ಣೀರಿನಲ್ಲಿ ಹಾಕಿಡಬೇಕು. ಮ್ಯಾಲಿನ ಸೊನೆ, ಧೂಳು ಬಿಡುತ್ತದೆ. ಹಣ್ಣಿನ ಕಾವು ಇಳಿಯುತ್ತದೆ ಅಂತ ಅವ್ವ ಹೇಳುತ್ತಾಳೆ. ಆಮೇಲೆ ಒಂದೊಂದೇ ಹಣ್ಣನ್ನು ಎರಡೂ ಅಂಗೈ ನಡುವೆ ಹೊರಳಾಡಿಸಿ ಮೆತ್ತಗೆ ಮಾಡಬೇಕು. ಅವಸರ ಮಾಡಿದರೆ ಸಿಪ್ಪೆ ಒಡೆದು ರಸ ಮೊಣಕೈವರೆಗೆ ಇಳಿಯುತ್ತದೆ. ತೊಟ್ಟು ಕಿತ್ತು ಮೊದಲ ನಾಲ್ಕು ಹನಿ ನೆಲಕ್ಕೆ ಬಿಡಬೇಕು. ಸೊನೆ ಇರುತ್ತದೆ, ಗಂಟಲು ಕೆರೆಯುತ್ತದೆ. ನಂತರ ರಸವನ್ನು ಸ್ಟೀಲ್ ಪಾತ್ರೆಗೆ ಹಿಂಡಬೇಕು. ಹಿತ್ತಾಳೆ, ಅಲ್ಯೂಮಿನಿಯಂ ಬೇಡ, ಹುಳಿ ಪಾತ್ರೆಗೆ ಹತ್ತಿ ರುಚಿ ಕೆಡುತ್ತದೆ.

ಬೆಲ್ಲ ಕುಟ್ಟಿ ರಸಕ್ಕೆ ಹಾಕಿ, ಅದು ತಾನೇ ಕರಗುವ ತನಕ ಬಿಡಬೇಕು. ಗಸಗಸೆಯನ್ನು ಬೆಚ್ಚಗೆ ಹುರಿದು ಕೊಬ್ಬರಿ ಕೂಡಿಸಿ ನುಣ್ಣಗೆ ರುಬ್ಬಿ ಸೇರಿಸಬೇಕು. ಇದೇ ನಮ್ಮ ಮುತ್ತಜ್ಜಿಯ ಗುಟ್ಟು. ಇದರಿಂದಲೇ ಶೀಕರಣಿ ನೀರಾಗದೆ ಚಮಚದಲ್ಲಿ ನಿಲ್ಲುವಷ್ಟು ಗಟ್ಟಿ ಬರುತ್ತದೆ. ಏಲಕ್ಕಿ, ಶುಂಠಿ, ಉಪ್ಪು ಆಮೇಲೆ.

ಹಾಲು ಕಟ್ಟಕಡೆಗೆ. ಕಾಯಿಸಿ ಪೂರಾ ತಣ್ಣಗಾಗಿರಬೇಕು. ಉಣ್ಣಲು ಕೂಡುವ ಹೊತ್ತಿಗೆ ಸ್ವಲ್ಪ ಸ್ವಲ್ಪವೇ ಹಾಕಿ ತಿರುವಬೇಕು. ಹುಳಿ ಇರುವ ಹಣ್ಣಿಗೆ ಬಿಸಿ ಹಾಲು ಬಿದ್ದರೆ ಒಡೆದು ಮೊಸರು ಮೊಸರಾಗುತ್ತದೆ. ಮೊದಲ ಸಲ ನಾವೇ ಮಾಡಿದಾಗ ಹಂಗೇ ಆಗಿತ್ತು. ಅವ್ವ ನೋಡಿ, "ಇದನ್ನ ಎಮ್ಮಿಗೆ ಇಡು, ಅದಕ್ಕ ಹಬ್ಬ ಆಗ್ಲಿ" ಅಂದಿದ್ದಳು. ಮಾಡಿದ ದಿನವೇ ಉಂಡು ಮುಗಿಸಬೇಕು, ಇಟ್ಟು ತಿನ್ನುವ ಅಡುಗೆ ಇದಲ್ಲ.

ಅವ್ವನಿಗೆ ಸಕ್ಕರೆ ಕಾಯಿಲೆ ಬಂದು ಎಂಟು ವರ್ಷ. ಬೆಲ್ಲ ಹಾಕಿದರೆ ಸಕ್ಕರೆ ಏರುವುದಿಲ್ಲ ಅಂತ ಊರಲ್ಲಿ ಹೇಳುವವರಿದ್ದಾರೆ. ಅದು ಸುಳ್ಳು, ಬೆಲ್ಲವೂ ಏರಿಸುತ್ತದೆ. ಅವ್ವ ಈಗ ಕಿರುಬೆರಳ ತುದಿಗೆ ಹತ್ತಿದ್ದನ್ನು ಮಾತ್ರ ನಾಲಿಗೆಗೆ ಇಟ್ಟು "ಬೆಲ್ಲ ಸಾಕು" ಅನ್ನುತ್ತಾಳೆ. ಉಳಿದದ್ದು ನಾವು ಉಣ್ಣುವುದನ್ನು ನೋಡಿಯೇ ಅವಳಿಗೆ ಹಬ್ಬ.

ಇಷ್ಟು ಅಡುಗೆ ಮಾತಾಯಿತು. ಇನ್ನು ಮರದ ಮಾತು.

ಅಪ್ಪ ಮತ್ತು ಕಾಕಾ ಹೊಲ ಪಾಲು ಮಾಡಿಕೊಂಡಾಗ ಆ ಒಡ್ಡು ಕಾಕಾನ ಪಾಲಿಗೆ ಹೋಯಿತು. ಪಾಲಿನ ಹೊತ್ತಿಗೆ ಜಗಳ ಇರಲಿಲ್ಲ. ಜಗಳ ಬಂದದ್ದು ಎರಡು ವರ್ಷದ ಮೇಲೆ, ನೀರು ಹಾಯಿಸುವ ಪಾಳಿಗೆ. ರಾತ್ರಿ ನೀರು ಯಾರು ಕಟ್ಟಿದರು, ಯಾರು ಒಡೆದರು ಅನ್ನುವುದರ ಮೇಲೆ ಮಾತು ಬೆಳೆಯಿತು. ಕಾಲುವೆ ಕೆಳಗಿನ ಊರಿನವರಿಗೆ ಇದು ಬಿಡಿಸಿ ಹೇಳುವ ವಿಷಯವಲ್ಲ. ಅಣ್ಣ ತಮ್ಮ ಮಾತು ಬಿಟ್ಟರು. ಅಪ್ಪ ತೀರಿಕೊಂಡ ದಿನ ಕಾಕಾ ಬಂದು, ದೂರ ಬೇವಿನ ಗಿಡದ ಕೆಳಗೆ ನಿಂತು, ಮಣ್ಣಾದ ಮೇಲೆ ಹೋದರು. ಅಪ್ಪನ ಮೌನ ನಮಗೆ ಪಾಲಿಗೆ ಬಂತು. ನಾವೂ ಮಾತಾಡಲಿಲ್ಲ.

ಆದರೆ ಹೆಣ್ಣುಮಕ್ಕಳು ಒಂದು ದಾರಿ ಇಟ್ಟುಕೊಂಡಿದ್ದರು. ಪ್ರತಿ ಮೇ ತಿಂಗಳು ಕಾಕು ಸಣ್ಣ ಹುಡುಗರ ಕೈಯಲ್ಲಿ ಒಂದು ಬುಟ್ಟಿ ಕಾಯಿ ಕಳಿಸುತ್ತಿದ್ದಳು. ಅವ್ವ ಅದನ್ನು ಅಡಿ ಹಾಕುತ್ತಿದ್ದಳು. ಭತ್ತದ ಹುಲ್ಲಿಗೆ ನಮ್ಮಲ್ಲಿ ಬರವಿಲ್ಲ. ಕತ್ತಲ ಕೋಣೆಯಲ್ಲಿ ಒಂದು ಪದರ ಹುಲ್ಲು, ಒಂದು ಪದರ ಕಾಯಿ, ಮೇಲೆ ಗೋಣಿಚೀಲ. ಐದಾರು ದಿನಕ್ಕೆ ಮನೆ ತುಂಬ ವಾಸನೆ. ಹುಣ್ಣಿಮೆ ದಿನ ಅದೇ ಬುಟ್ಟಿಯಲ್ಲಿ ಡಬ್ಬಿ ತುಂಬ ಶೀಕರಣಿ ಇಟ್ಟು ಅವ್ವ ವಾಪಸ್ ಕಳಿಸುತ್ತಿದ್ದಳು. ಬುಟ್ಟಿ ಖಾಲಿ ಹೋಗಬಾರದು ಅನ್ನುವುದೊಂದೇ ಅವರ ಕಾನೂನು. ಆ ಶೀಕರಣಿಯನ್ನು ಕಾಕಾ ಉಣ್ಣುತ್ತಿದ್ದರೋ ಇಲ್ಲವೋ, ನಾವು ಕೇಳಿದವರಲ್ಲ.

2023ರ ಮೇ. ವಿಧಾನಸಭೆ ಚುನಾವಣೆಯ ಓಡಾಟ. ಆಗಲೇ ಕಾಕು ಸುದ್ದಿ ಕಳಿಸಿದ್ದಳು: ಬೇಸಿಗೆ ಬೆಳೆ ಕೊಯ್ಲು ಆದ ಮೇಲೆ ಗದ್ದೆ ಲೆವೆಲ್ ಮಾಡಿಸುತ್ತಾರೆ, ಮರ ತೆಗೆಸುತ್ತಾರೆ, ಏನಾದರೂ ಮಾಡುವುದಿದ್ದರೆ ಮಾಡಿರಿ. ಕಾಕಾನ ಲೆಕ್ಕದಲ್ಲೂ ತಪ್ಪಿರಲಿಲ್ಲ. ಮರದ ನೆರಳಿಗೆ ಸುತ್ತಲಿನ ಭತ್ತ ಏಳುತ್ತಿರಲಿಲ್ಲ, ಕಟಾವು ಯಂತ್ರ ತಿರುಗಲು ಜಾಗ ಆಗುತ್ತಿರಲಿಲ್ಲ. ಅವ್ವ ನಮಗೆ ಎರಡು ಸಲ ಹೇಳಿದಳು. "ಫಲಿತಾಂಶ ಬರ್ಲಿ, ನೋಡೋಣು" ಅಂದೆವು.

ಫಲಿತಾಂಶ ಬಂತು. ಅದರ ಬೆನ್ನಿಗೆ ಕೊಪ್ಪಳದ ಮಾವು ಮೇಳ. ನಮ್ಮ ಜಿಲ್ಲೆಯ ಕೇಸರ್ ಮಾವಿಗೆ ಈಗ ಒಳ್ಳೆ ಹೆಸರಿದೆ. ಅದು ಮೂಲತಃ ಗುಜರಾತಿನ ಜುನಾಗಢ ಸೀಮೆಯ ತಳಿ, 1934ರಲ್ಲಿ ಅಲ್ಲಿನ ನವಾಬರು ತಿರುಳಿನ ಬಣ್ಣ ನೋಡಿ ಆ ಹೆಸರಿಟ್ಟರು ಅನ್ನುತ್ತಾರೆ. ಕೊಪ್ಪಳದ ಕೆಂಪು ಮಣ್ಣಿಗೆ ಚೆನ್ನಾಗಿ ಹೊಂದಿಕೊಂಡಿದೆ. ಆ ವರ್ಷದ ಮೇಳದಲ್ಲಿ ಜಪಾನಿನ ಮಿಯಾಜಾಕಿ ಹಣ್ಣು ಇಟ್ಟಿದ್ದರು. ಕೆಜಿಗೆ ಎರಡೂವರೆ ಲಕ್ಷ ಅಂತ ಸುದ್ದಿ ಹಬ್ಬಿ ಜನ ಅದರ ಮುಂದೆ ಮೊಬೈಲ್ ಹಿಡಿದು ನಿಂತರು. ನಾವೂ ನಿಂತೆವು, ಫೋಟೊ ತೆಗೆದೆವು, ಸುದ್ದಿ ಮಾಡಿದೆವು.

ಮನೆಗೆ ಬಂದಾಗ ಕಟ್ಟೆ ಮೇಲೆ ಎರಡು ಬುಟ್ಟಿ ಕಾಯಿ ಇದ್ದವು. ಯಾವ ವರ್ಷವೂ ಎರಡು ಬುಟ್ಟಿ ಬಂದಿರಲಿಲ್ಲ. ಅವ್ವ ಏನೂ ಹೇಳಲಿಲ್ಲ. ನಾವೂ ಕೇಳಲಿಲ್ಲ, ತಿಳಿಯಿತು. ಬೈಕ್ ತಿರುಗಿಸಿ ಹೋಗಿ ನೋಡಿದರೆ ಒಡ್ಡೇ ಇರಲಿಲ್ಲ. ಗದ್ದೆಯ ಮೂಲೆಯಲ್ಲಿ ಮೊಣಕಾಲೆತ್ತರದ ಬುಡ, ಸುತ್ತ ಒಣಗಿದ ಎಲೆ. ಬುಡ ಕೀಳಲು ಜೆಸಿಬಿಯವನು ಬೇರೆ ರೊಕ್ಕ ಕೇಳಿದ್ದಕ್ಕೆ ಹಂಗೇ ಬಿಟ್ಟಿದ್ದರಂತೆ.

ಜಪಾನಿನ ಹಣ್ಣಿನ ಬಗ್ಗೆ ಬರೆಯುವಾಗ ನಮ್ಮ ಮನೆಯ ಹಣ್ಣು ನೆಲಕ್ಕೆ ಬಿದ್ದಿತ್ತು. ಇದರಲ್ಲಿ ಕಾಕಾನ ತಪ್ಪು ಎಷ್ಟೋ, ನಮ್ಮದೂ ಅಷ್ಟೇ.

ಆ ಕಾರಹುಣ್ಣಿಮೆಯ ಶೀಕರಣಿ ಹಿಂಡುವಾಗ ಅವ್ವ ಒಂದು ಗೊರಟವನ್ನೂ ತಿಪ್ಪೆಗೆ ಹಾಕಲಿಲ್ಲ. ತೊಳೆದು, ನೆರಳಲ್ಲಿ ಆರಿಸಿ, ಸಿಮೆಂಟ್ ಚೀಲ, ಹಾಲಿನ ಪಾಕೀಟಿಗೆ ಮಣ್ಣು ತುಂಬಿ ಹಾಕಿದಳು. ಮೂವತ್ತೊಂದು. ಮಾವಿನ ಬೀಜ ಇಟ್ಟುಕೊಂಡರೆ ಬೇಗ ಸಾಯುತ್ತದೆ, ಅದೇ ವಾರದಲ್ಲಿ ಹಾಕಬೇಕು ಅನ್ನುವುದು ಅವಳಿಗೆ ಗೊತ್ತಿತ್ತು. ಹತ್ತೊಂಬತ್ತು ಮೊಳೆತವು. ಎಳೆ ಎಲೆ ತಾಮ್ರದ ಬಣ್ಣಕ್ಕೆ ಹೊಳೆಯುವಾಗ ಅವ್ವ, "ಮರ ಹೋದ್ರ ಏನಾತು, ಮರಿ ಅದಾವಲ್ಲ" ಅಂದಳು.

ತೋಟಗಾರಿಕೆ ಗೊತ್ತಿದ್ದ ಒಬ್ಬರನ್ನು ಕೇಳಿದೆವು. ಅವರು ಹೇಳಿದ್ದು ಕೇಳಿ ಎದೆ ಕುಸಿಯಿತು. ನಮ್ಮ ಕಡೆಯ ಮಾವಿನ ಗೊರಟದಿಂದ ಬಂದ ಗಿಡ ತಾಯಿಮರದಂತೆಯೇ ಇರುವುದಿಲ್ಲ. ಹೂವಿಗೆ ಬೇರೆ ಮರದ ಪರಾಗ ಬಿದ್ದಿರುತ್ತದೆ, ಮಕ್ಕಳು ಅಪ್ಪ-ಅವ್ವನಂತೆ ಪೂರಾ ಇರದ ಹಂಗೆ. ಅದೇ ರುಚಿ ಬೇಕಾದರೆ ಅದೇ ಮರದ ಕಡ್ಡಿ ತಂದು ಕಸಿ ಕಟ್ಟಬೇಕು. "ಮರ ಐತೇನು?" ಅಂತ ಕೇಳಿದರು. ಬುಡ ಇದೆ ಅಂದೆವು. "ಬುಡ ಚಿಗುರೈತೇನು ನೋಡ್ರಿ. ಬೀಜದಿಂದ ಎದ್ದ ಮರ ಆದ್ರ ಬುಡದ ಚಿಗುರೂ ಅದೇ ತಳಿ. ಕಸಿ ಮರ ಆಗಿದ್ರ ಮಾತ್ರ ಬುಡದ್ದು ಬ್ಯಾರೆ" ಅಂದರು.

ದೂರದಿಂದ ನೋಡಿದೆವು. ಮಳೆಗೆ ಬುಡ ಚಿಗುರಿತ್ತು. ಗೊಂಚಲು ಗೊಂಚಲು. ಆದರೆ ಗದ್ದೆ ಕಾಕಾನದು. ಕೇಳದೆ ಕಾಲಿಡುವಂತಿಲ್ಲ, ಕೇಳಲು ಬಾಯಿಲ್ಲ. ಒಂದು ವರ್ಷ ಹಂಗೇ ಹೋಯಿತು. 2024ರ ಕಾರಹುಣ್ಣಿಮೆಗೆ ನಾವು ಗಂಗಾವತಿಯಿಂದ ಹಣ್ಣು ತಂದೆವು. ಅವ್ವ ಮೂಸಿ ನೋಡಿ ಬುಟ್ಟಿ ಸರಿಸಿದಳು. ಮೇಲೆ ಒಂದೇ ಸಮ ಹಳದಿ, ತೊಟ್ಟಿನ ಹತ್ತಿರ ವಾಸನೆಯೇ ಇಲ್ಲ, ಒಳಗೆ ಗಟ್ಟಿ. ಕಾರ್ಬೈಡ್ ಹಾಕಿದ್ದು ಅಂತ ಅವಳ ಅನುಮಾನ. ಕಾರ್ಬೈಡಿನಿಂದ ಹಣ್ಣು ಮಾಡಿ ಮಾರುವುದನ್ನು 2011ರ ಆಹಾರ ಸುರಕ್ಷತೆ ನಿಯಮಗಳು ನಿಷೇಧಿಸಿವೆ. ಇಥಿಲೀನ್ ಅನಿಲಕ್ಕೆ ಮಿತಿಯೊಳಗೆ ಅವಕಾಶ ಇದೆ. ಹಣ್ಣು ತಾನೇ ಬಿಡುವ ಅನಿಲವೂ ಅದೇ, ಹುಲ್ಲಿನ ಅಡಿಯಲ್ಲಿ ನಡೆಯುವುದೂ ಅದೇ ಕೆಲಸ. ಆದರೆ ಕಣ್ಣಿಗೆ ನೋಡಿ ಯಾವುದು ಯಾವುದು ಅಂತ ಹೇಳುವುದು ಕಷ್ಟ. ಅವ್ವ ಮಾಡಲಿಲ್ಲ. ಆ ಸಲ ಹೋಳಿಗೆಗೆ ಬರೀ ಹಾಲು-ತುಪ್ಪ. ಬುಟ್ಟಿ ಆ ಮನೆಯಿಂದ ಬರಲಿಲ್ಲ, ಈ ಮನೆಯಿಂದ ಹೋಗಲಿಲ್ಲ.

ಆಗಸ್ಟ್ ಬಂತು. 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ನಿಮಗೆಲ್ಲ ನೆನಪಿದೆ. ನಾಟಿ ಆಗಿತ್ತು, ಡ್ಯಾಂ ತುಂಬಿತ್ತು, ತುಂಬಿದ ನೀರು ಹೊಳೆಗೆ ಹೋಗುತ್ತಿತ್ತು. ನಾವು ಮುನಿರಾಬಾದ್ ಕಡೆ ಓಡಿದೆವು. ಮೂರು ದಿನ ಸರಿಯಾಗಿ ಮನೆಗೆ ಬರಲಿಲ್ಲ. ಒಂದು ರಾತ್ರಿ ಗೊತ್ತಿರದ ನಂಬರಿನಿಂದ ಫೋನ್ ಬಂತು. ಎತ್ತಿದೆವು. ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೇಟ್ ಕುಂದರ್ತೈತೇನೋ? ಬೆಳಿಗೆ ನೀರು ಸಿಗ್ತಾವೇನು?" ಅಂತ ಕೇಳಿದರು. ಕಾಕಾನ ದನಿ.

ನಮಗೆ ತಿಳಿದಷ್ಟು ಹೇಳಿದೆವು. ಮರುದಿನ ಅವರೇ ಮತ್ತೆ ಮಾಡಿದರು. ಅದರ ಮರುದಿನ ನಾವೇ ಮಾಡಿದೆವು. ನಾಲ್ಕು ಎಕರೆ ನಾಟಿ ಹಾಕಿ ಕೂತವನ ಸಂಕಟ ಫೋನಿನಲ್ಲಿ ಕೇಳುತ್ತಿತ್ತು. ನಮ್ಮದೂ ಅದೇ ಕಾಲುವೆಯ ನೀರು. ತಾತ್ಕಾಲಿಕ ಗೇಟಿನ ಹಲಗೆಗಳನ್ನು ಹರಿಯುವ ನೀರಿನಲ್ಲೇ ಇಳಿಸಿ ಹೋಗುವ ನೀರನ್ನು ತಡೆದರು. ಆ ಸುದ್ದಿಯನ್ನು ಪತ್ರಿಕೆಗೆ ಕಳಿಸುವ ಮೊದಲು ಕಾಕಾಗೆ ಹೇಳಿದೆವು. "ಬದುಕಿದೆವಪ್ಪ" ಅಂದರು. ಆಗ ಬಾಯಿಬಿಟ್ಟೆವು: "ಕಾಕಾ, ಒಡ್ಡಿನ ಮರದ ಬುಡದಾಗ ಚಿಗುರು ಐತಿ. ಹತ್ತು ಕಡ್ಡಿ ಬೇಕಾಗಿದ್ದವು."

ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಅದನ್ನ ಕೇಳಾಕ ಒಂದು ವರ್ಷ ಬೇಕಾತೇನು? ಬಂದು ಕೊಯ್ಕೊಂಡು ಹೋಗು" ಅಂದರು.

ಕಸಿ ಕಟ್ಟುವುದು ದೊಡ್ಡ ವಿದ್ಯೆಯಲ್ಲ, ಆದರೆ ಕ್ರಮ ಇದೆ. ಮಳೆಗಾಲವೇ ಅದಕ್ಕೆ ಸರಿ, ಗಾಳಿಯಲ್ಲಿ ತೇವ ಇರಬೇಕು. ಪೆನ್ಸಿಲ್ ದಪ್ಪದ, ಮೂರು ನಾಲ್ಕು ತಿಂಗಳಾದ ಚಿಗುರನ್ನು ಆರಿಸಿ, ಹತ್ತು ದಿನ ಮೊದಲೇ ಎಲೆ ಕತ್ತರಿಸಿ ತೊಟ್ಟು ಮಾತ್ರ ಬಿಡಬೇಕು. ತುದಿಯ ಮೊಗ್ಗು ಉಬ್ಬುತ್ತದೆ. ಆಗ ಕಡ್ಡಿ ಕೊಯ್ದು, ಬುಡವನ್ನು ಎರಡೂ ಕಡೆ ಬೆಣೆಯಂತೆ ಕೆತ್ತಿ, ಗೊರಟದ ಗಿಡದ ತಲೆ ಕತ್ತರಿಸಿ ಸೀಳಿದ ಜಾಗಕ್ಕೆ ಇಳಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಬೇಕು. ಮೇಲೆ ಒಂದು ಸಣ್ಣ ಪ್ಲಾಸ್ಟಿಕ್ ಟೋಪಿ. ಎರಡು ಮೂರು ವಾರಕ್ಕೆ ಮೊಗ್ಗು ಒಡೆದರೆ ಟೋಪಿ ತೆಗೆಯಬೇಕು. ಕಸಿಯ ಕೆಳಗೆ ಚಿಗುರು ಬಂದರೆ ಚಿವುಟುತ್ತಲೇ ಇರಬೇಕು.

ಎಲೆ ಕತ್ತರಿಸಲು ಒಂದು ದಿನ, ಕಡ್ಡಿ ಕೊಯ್ಯಲು ಇನ್ನೊಂದು ದಿನ ಆ ಗದ್ದೆಗೆ ಹೋದೆವು. ಎರಡನೇ ದಿನ ಕಾಕಾ ಕುಡುಗೋಲು ಹಿಡಿದು ಬುಡದ ಹತ್ತಿರ ಕಾಯುತ್ತಿದ್ದರು. ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟವರು ಅವರೇ.

ಅವ್ವನ ಗೊರಟದ ಗಿಡಗಳಲ್ಲಿ ಅಷ್ಟೊತ್ತಿಗೆ ಉಳಿದಿದ್ದು ಹನ್ನೊಂದು. ಅವು ಅದೇ ಹಣ್ಣು ಕೊಡುವುದಿಲ್ಲ ಅಂತ ಬೇಜಾರಾಗಿತ್ತಲ್ಲ, ಈಗ ಅವೇ ಬೇರಾದವು. ಹತ್ತಕ್ಕೆ ಕಸಿ ಕಟ್ಟಿಸಿದೆವು. ನಾಲ್ಕು ಹಿಡಿದವು. ಒಂದನ್ನು ಆಡು ತಿಂದಿತು. ಮೂರು ಉಳಿದಿವೆ. ಒಂದು ನಮ್ಮ ಹಿತ್ತಲಲ್ಲಿ, ಒಂದು ಕಾಕಾನ ಮನೆ ಮುಂದೆ, ಒಂದು ನಮ್ಮಿಬ್ಬರ ಗದ್ದೆಯ ಗಡಿಯ ಮೂಲೆಯಲ್ಲಿ, ಯಂತ್ರ ತಿರುಗಲು ಅಡ್ಡಬಾರದ ಕಡೆ. ಕಸಿ ಗಿಡ ಸಾಮಾನ್ಯವಾಗಿ ಮೂರು ನಾಲ್ಕು ವರ್ಷಕ್ಕೆ ಫಲ ಹಿಡಿಯುತ್ತದೆ. ಬುಡದ ಚಿಗುರಿನ ಕಡ್ಡಿಯಾದ್ದರಿಂದ ನಮ್ಮದಕ್ಕೆ ಇನ್ನೂ ತಡ ಆಗಬಹುದು ಅಂದಿದ್ದಾರೆ. ಆಗಲಿ.

ಮಲೆನಾಡಿನ ಅಪ್ಪೆಮಿಡಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಅಂಕೋಲೆಯ ಕರಿ ಇಶಾಡಿಗೂ 2023ರಲ್ಲಿ ಸಿಕ್ಕಿತು. ನಮ್ಮ ಒಡ್ಡಿನ ಹಣ್ಣಿಗೆ ಅಂಥದ್ದು ಏನೂ ಸಿಗುವುದಿಲ್ಲ. ಎರಡು ಮನೆಯವರ ನಾಲಿಗೆಗೆ ಮಾತ್ರ ಅದರ ಗುರುತು. ನಿಮ್ಮ ಹೊಲದ ಬದುವಿನ ಮೇಲೂ ಅಂಥ ಹೆಸರಿಲ್ಲದ ಮರ ಒಂದಿರಬಹುದು. ಕಡಿಯಲೇಬೇಕಾಗಿ ಬಂದರೆ, ಕಡಿಯುವ ಹಿಂದಿನ ಮಳೆಗಾಲದಲ್ಲಿ ಹತ್ತು ಕಡ್ಡಿ ಕಸಿ ಕಟ್ಟಿಸಿ. ಫಲಿತಾಂಶ ಬರಲಿ, ಮೇಳ ಮುಗಿಯಲಿ ಅಂತ ನಮ್ಮಂಗೆ ಕಾಯಬೇಡಿ.

ಈ ಸಲದ ಕಾರಹುಣ್ಣಿಮೆಗೆ ಕುಷ್ಟಗಿ ಕಡೆಯ ಗೆಳೆಯರ ತೋಟದಿಂದ ಜವಾರಿ ಕಾಯಿ ತಂದು ಅಡಿ ಹಾಕಿದೆವು. ಅವ್ವ ಮೂಸಿ ನೋಡಿ ಒಪ್ಪಿದಳು. ಡಬ್ಬಿ ತುಂಬುವ ಹೊತ್ತಿಗೆ ಕಾಕಾನೇ ಕಾಕುವನ್ನು ಕರೆದುಕೊಂಡು ಬಂದು ಪಡಸಾಲೆಯಲ್ಲಿ ಕೂತರು. ಶಾವಿಗೆ ಮೇಲೆ ಶೀಕರಣಿ ಹಾಕಿಸಿಕೊಂಡು ಒಂದು ತುತ್ತು ಉಂಡರು.

"ಚೊಲೊ ಆಗೈತಿ ವೈನಿ. ಆದ್ರ ಆ ಹುಳಿ ಇಲ್ಲ" ಅಂದರು.

ಅಲ್ಲಿಗೆ ನಮಗೆ ತಿಳಿಯಿತು, ಅಷ್ಟು ವರ್ಷ ಆ ಡಬ್ಬಿಯ ಶೀಕರಣಿ ಉಂಡವರು ಯಾರು ಅಂತ.

ಅವ್ವ ಇನ್ನೊಂದು ಸೌಟು ಹಾಕುತ್ತ, "ಗಿಡ ಈಗ ಎದಿಮಟ ಬಂದೈತಿ. ಕಾಯಬೇಕಪ್ಪ" ಅಂದಳು.